ನೆಲಕ್ಕಿಡದ ಗಂಟು

ಕಳೆದ ತಿಂಗಳು ಮಡಕಶಿರದ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ದಾರದ ರೀಲು ಕೊಳ್ಳುತ್ತಾ ನಿಂತಿದ್ದೆ. ಯಾರೋ ಕಾಲೇಜಿನ ಹುಡುಗಿ ಚಕ್ರದ ಬ್ಯಾಗು ಎಳೆದುಕೊಂಡು ಹಿಂದಿನಿಂದ ಹೋದಳು. ಸಿಮೆಂಟಿನ ಮೇಲೆ ಆ ಚಕ್ರದ ಗರಗರ ಸದ್ದು ಕೇಳಿದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಎದೆಯ ಹತ್ತಿರ ಬಂದು, ಅಲ್ಲಿಲ್ಲದ ಏನನ್ನೋ ತಬ್ಬಿ ಹಿಡಿದವು. ರೀಲು ಕೆಳಗೆ ಬಿದ್ದು ಉರುಳಿತು.

"ಯಾಕಮ್ಮ, ಎದೆ ನೋವಾ?" ಎಂದು ಅಂಗಡಿಯವರು ಎದ್ದು ನಿಂತರು.

"ಏನಿಲ್ಲ ಕಣಣ್ಣ" ಎಂದೆ. ಸದ್ದು ಬಸ್‌ಸ್ಟ್ಯಾಂಡಿನ ಆಚೆ ತುದಿಗೆ ಹೋಗಿ ನಿಲ್ಲುವವರೆಗೂ ಕೈ ಇಳಿಯಲಿಲ್ಲ.

ಮನೆಗೆ ಬಂದು, ಹೊಲಿಗೆ ಮಿಷನ್ನಿನ ಮೇಲಿನ ಮೊಳೆಗೆ ನೇತುಹಾಕಿದ್ದ ಗಂಟನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಹಳೇ ಜೀನ್ಸ್ ಬಟ್ಟೆಯಲ್ಲಿ ಕಟ್ಟಿದ ಗಂಟು. ಒಂದು ವರ್ಷದಿಂದ ಅದು ನೆಲಕ್ಕೆ ತಾಗಿಲ್ಲ, ಬಿಚ್ಚಿಯೂ ಇಲ್ಲ. ಗುಡಿಬಂಡೆ ಕಡೆ ಆಟೋ ಓಡಿಸುವ ನನ್ನ ಗಂಡ ಮಧ್ಯಾಹ್ನ ಊಟಕ್ಕೆ ಬಂದವರು ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ರಾಯದುರ್ಗಕ್ಕೆ ಹೋಗ್ಬಿಟ್ಟು ಬತ್ತೀನಿ" ಎಂದೆ.

"ಯಾವಾಗ ಕೇಳ್ತೀಯೋ ಅಂತಲೇ ಇದ್ದೆ. ಹೋಗ್ಬಿಟ್ಟು ಬಾ" ಎಂದರು.

ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ಕಿಟಕಿ ಪಕ್ಕ ಕೂತೆ. ಗಂಟು ತೊಡೆಯ ಮೇಲಿತ್ತು. ಹೋದ ವರ್ಷದ ಆಷಾಢದಲ್ಲಿ ಇದೇ ದಾರಿಯಲ್ಲಿ ಹೋಗುವಾಗ ತೊಡೆಯ ಮೇಲೆ ಅಣ್ಣನಿಗೆಂದು ಮಾಡಿದ್ದ ರಾಗಿ ರೊಟ್ಟಿಯ ಡಬ್ಬಿ ಇತ್ತು.

ಅಣ್ಣನ ಹೆಸರು ಈರಣ್ಣ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಅಗಳಿ ಕಡೆಯ ಅವನ ಮಣ್ಣಿನ ಮಾಳಿಗೆ ಮನೆ ನೆನೆದು ನೆನೆದು ಕುಸಿಯಿತು. ಮಾಳಿಗೆಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆಯೇನೋ ನೋಡೋಣವೆಂದು ಅಣ್ಣ ಹೊರಗೆ ಬಂದಿದ್ದ. ಅತ್ತಿಗೆ ರತ್ನಮ್ಮ ಒಳಗೆ ಒಲೆಯ ಮುಂದಿದ್ದರು. ಇಷ್ಟೇ ನಡೆದದ್ದು. ಆಮೇಲೆ ಊರಿನವರು ಶಾಲೆಯಲ್ಲಿ ಮಲಗಲು ಜಾಗ ಕೊಟ್ಟರೆ ಅಣ್ಣ ಶಾಲೆಯ ಬಯಲಿನಲ್ಲಿ ಮಲಗಿದ. ನಾನು ಮಡಕಶಿರಕ್ಕೆ ಕರೆತಂದರೆ ನಮ್ಮ ಅಂಗಳದಲ್ಲಿ ಮಲಗಿದ. ಸೂರಿನ ಕೆಳಗೆ ಕರೆದರೆ ಬಾಗಿಲವರೆಗೆ ಬಂದು, ತಲೆಯೆತ್ತಿ ಮೇಲೆ ನೋಡಿ, ಹಿಂದಕ್ಕೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅಂಗಳದಲ್ಲೂ ಇರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಗುಡಿಬಂಡೆಯವರೊಬ್ಬರು ನನ್ನ ಗಂಡನ ಆಟೋದಲ್ಲಿ ಕೂತು, ನಿಮ್ಮ ಭಾಮೈದನನ್ನು ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆ, ಅಲ್ಲೇ ಹೊರಗೆ ಮಲಗುತ್ತಾನೆ ಎಂದರು.

ಕರೆದುಕೊಂಡೇ ಬರುತ್ತೇನೆಂದು ಹೊರಟೆ. ಮುಂದಿನ ಮಳೆ ಜೋರಾಗುವುದರೊಳಗೆ ಅವನನ್ನು ಒಂದು ಸೂರಿನ ಕೆಳಗೆ ಮಲಗಿಸಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬಸ್‌ಸ್ಟ್ಯಾಂಡಿನ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಅಣ್ಣ ಸಿಕ್ಕಿದ. ಗಡ್ಡ ಬಂದಿತ್ತು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ರೊಟ್ಟಿ ತಿಂದ. ಪಕ್ಕದಲ್ಲಿದ್ದವರಿಗೂ ಕೊಟ್ಟ.

"ಬಾರಣ್ಣ, ಊರಿಗೆ ಹೋಗಾನ" ಎಂದೆ.

"ಇಲ್ಲಿ ಚೆನ್ನಾಗಿದೀನಿ ಕಣಮ್ಮ."

"ಇಲ್ಲೇನೈತೆ?"

ಅವನು ಮೇಲೆ ಕೈ ತೋರಿಸಿದ. ಬೇವಿನ ಎಲೆ, ಅದರ ಸಂದಿಯಲ್ಲಿ ಆಕಾಶ.

ನಾನೂ ವಾಪಸ್ ಹೋಗಲಿಲ್ಲ. ರಾಯದುರ್ಗದಲ್ಲಿ ಹೊಲಿಗೆ ಬಂದವರಿಗೆ ಕೆಲಸಕ್ಕೆ ಬರವಿಲ್ಲ. ಬೀದಿ ಬೀದಿಗೂ ಜೀನ್ಸ್ ಪ್ಯಾಂಟಿನ ಯೂನಿಟ್‌ಗಳು. ಒಂದರಲ್ಲಿ ಜೇಬು ಹೊಲಿಯುವ ಕೆಲಸ ಹಿಡಿದು, ಕೋಟೆ ಬೆಟ್ಟದ ಬುಡದಲ್ಲಿ ಒಂದು ಕೋಣೆ ಬಾಡಿಗೆಗೆ ಮಾಡಿದೆ. ಆಷಾಢದ ಗಾಳಿ ಬೆಟ್ಟದಿಂದಿಳಿದು ಬೀದಿಯ ಧೂಳನ್ನೂ ಯೂನಿಟ್‌ಗಳ ನೂಲಿನ ಎಳೆಗಳನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುತ್ತಿತ್ತು. ಒಗೆಯದ ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ಸಂಜೆಗೆ ನನ್ನ ಕೈಯೆಲ್ಲ ನೀಲಿ. ಆ ಕೈಯಲ್ಲೇ ಹಿಟ್ಟು ಕಲಸುತ್ತಿದ್ದೆ. ಅಣ್ಣ ಊಟಕ್ಕೆ ಬರುತ್ತಿದ್ದ. ಹೊಸ್ತಿಲಿನ ಆಚೆ ಕೂತು ತಿನ್ನುತ್ತಿದ್ದ.

"ಇದು ಆರ್‌ಸಿಸಿ ಕಣಣ್ಣ. ಬೀಳಲ್ಲ."

"ನಮ್ದೂ ಬೀಳಲ್ಲ ಅಂತಲೇ ಎಲ್ರೂ ಅಂದಿದ್ದು" ಎನ್ನುತ್ತಿದ್ದ. ಸಿಟ್ಟಿಲ್ಲದೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ.

ಅವನ ಮೊಣಕೈ ಯಾವಾಗಲೂ ಕೆತ್ತಿಹೋಗಿರುತ್ತಿತ್ತು. ಎಡಗಾಲಿನ ಚಪ್ಪಲಿಯ ಹಿಮ್ಮಡಿ ಮಾತ್ರ ಸವೆದು ಹಾಳೆಯಂತಾಗಿತ್ತು. ಕೇಳಿದರೆ ನಗುತ್ತಿದ್ದ. ಅವನು ನಗುವುದನ್ನು ಅತ್ತಿಗೆ ಹೋದ ಮೇಲೆ ನಾನು ನೋಡಿರಲಿಲ್ಲ.

ಒಂದು ದಿನ ಬೆಳಗಿನ ಜಾವ ನೀರು ಹಿಡಿಯಲು ಎದ್ದಾಗ ಆ ಸದ್ದು ಮೊದಲ ಸಲ ಕೇಳಿತು. ಕಬ್ಬಿಣ ಕಲ್ಲನ್ನು ಅರೆಯುವಂಥ ಸದ್ದು. ದೂರದಿಂದ ಹುಟ್ಟಿ, ಹತ್ತಿರ ಬಂದು, ಎದೆಯೊಳಗೇ ಹೋದ ಹಾಗಾಗಿ, ಕೆಳಗೆ ಇಳಿದುಹೋಯಿತು. ಕೊಡ ಅಲ್ಲೇ ಬಿಟ್ಟು ಬೀದಿಗೆ ಬಂದೆ.

ಬೆಟ್ಟದ ಬುಡದಿಂದ ಪೇಟೆಯ ಕಡೆಗೆ ಒಂದು ರಸ್ತೆ ನೇರವಾಗಿ ಇಳಿಯುತ್ತದೆ. ಅರ್ಧದಲ್ಲಿ ಹಿಟ್ಟಿನ ಗಿರಣಿ. ಅದರ ಕೆಳಗೆ ಬಲಗಡೆಯಿಂದ ಒಂದು ಅಡ್ಡ ಓಣಿ ಬಂದು ಸೇರುತ್ತದೆ. ಇನ್ನೂ ಕೆಳಗೆ ರಸ್ತೆ ಸಮವಾಗುವಲ್ಲಿ ಮುಚ್ಚಿದ ಅಂಗಡಿಯೊಂದರ ಕಲ್ಲಿನ ಕಟ್ಟೆ. ಆ ಕಟ್ಟೆಯ ಮುಂದೆ ಅಣ್ಣ ಎರಡೂ ಕೈಯಲ್ಲಿ ಒಂದು ಬಟ್ಟೆಯ ಗಂಟನ್ನು ಎದೆಗೊತ್ತಿ ಹಿಡಿದು, ಪೂಜೆಗೆ ನಿಂತವನಂತೆ ನಿಂತಿದ್ದ. ಮೇಲಿಂದ ಹಲಗೆಯ ಮೇಲೆ ಕೂತು ಒಬ್ಬ ಮುದುಕಿ ಹಾರಿಬರುತ್ತಿದ್ದಳು. ಸೀರೆ ಕಚ್ಚೆ ಹಾಕಿದ್ದಳು. ಬಿಳಿ ಕೂದಲು ಬಿಚ್ಚಿ ಹಿಂದಕ್ಕೆ ಹಾರುತ್ತಿತ್ತು. ಓಣಿ ದಾಟಿದ ಮೇಲೆ ಚಪ್ಪಲಿಯ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು. ರಬ್ಬರ್ ಸುಟ್ಟ ವಾಸನೆ ಬಂತು. ಹಲಗೆ ಅಣ್ಣನ ಕಾಲ ಮುಂದೆ ಬಂದು ನಿಂತಿತು. ಅವಳು ಕೂತಲ್ಲಿಂದಲೇ ಕೈ ಚಾಚಿ ಗಂಟನ್ನು ಮುಟ್ಟಿ, "ತಾಗೇತಿ! ತಾಗೇತಿ ನೋಡ್ರಲೇ! ಇವತ್ತ ಚಾ ಗೆದ್ದೆ ನಾ!" ಎಂದು ಕೂಗಿದಳು.

ಅವಳೇ ಹುಲಿಗೆಮ್ಮ. ಯೂನಿಟ್‌ಗಳ ಹೊರಗೆ ಬಿದ್ದ ಚಿಂದಿ ಆಯ್ದು ಮಾರುವವಳು. ಗಾಡಿಯೂ ಅವಳದೇ. ಹಗಲಲ್ಲಿ ಚಿಂದಿ ಹೇರುವ, ಚಕ್ರದ ಬದಲು ನಾಲ್ಕು ಬೇರಿಂಗ್ ಹಾಕಿದ ಹಲಗೆ. ಮುಂದಿನ ಅಡ್ಡಪಟ್ಟಿಗೆ ಹಗ್ಗ ಕಟ್ಟಿದ್ದರು. ಅದೇ ಕಡಿವಾಣ. ಬ್ರೇಕು ಅಂದರೆ ಅವರವರ ಚಪ್ಪಲಿ.

ಈ ಆಟಕ್ಕೆ ಗುರು ಕಾಸಿಮಣ್ಣ. ಅವರಿಗೆ ಎರಡೂ ಕಾಲು ತೊಡೆಯಿಂದ ಕೆಳಗೆ ಇಲ್ಲ. ಲಾರಿ ಕ್ಲೀನರ್ ಆಗಿದ್ದಾಗ ಹೋದದ್ದಂತೆ. ಚಿಕ್ಕ ಬೇರಿಂಗ್ ಹಲಗೆಯ ಮೇಲೆ ಕೂತು, ಕೈಯಿಂದ ನೆಲ ನೂಕಿಕೊಂಡು ಓಡಾಡುತ್ತಾರೆ. ಒಮ್ಮೆ ಬೆಟ್ಟದ ಬುಡದಲ್ಲಿ ಕೈ ತಪ್ಪಿ ಪೂರ್ತಿ ಇಳಿಜಾರು ಬಂದುಬಿಟ್ಟರು. ಸತ್ತೇ ಹೋದರೆಂದು ಎಲ್ಲರೂ ಓಡಿದರೆ, ಇವರು ಕೆಳಗೆ ಕೂತು ನಗುತ್ತಿದ್ದರಂತೆ. ಮಾರನೇ ದಿನ ಬೇಕೆಂದೇ ಹೋದರು. ಆಮೇಲೆ ಬಸ್‌ಸ್ಟ್ಯಾಂಡಿನ ಹೊರಗೆ ಮಲಗುವವರಿಗೆಲ್ಲ ಆಸೆಯಾಯಿತು.

"ಕಾಲಿದ್ದೋರು ಭಾಳ ಅಂಜ್ತಾರ್ರಿ ತಂಗಿ" ಎಂದು ಕಾಸಿಮಣ್ಣ ನನಗೆ ಹೇಳಿದ್ದರು. "ನಿಮ್ಮಣ್ಣನ ನೋಡ್ರಿ. ನಾವೆಲ್ಲ ಓಣಿ ದಾಟಿದ ಮ್ಯಾಲೆ ಚಪ್ಪಲಿ ಊರಿದ್ರ, ಇವ ಗಿರಣಿ ಹತ್ರನೇ ಶುರು ಮಾಡ್ತಾನ. ಅಲ್ಲಿಂದ ಇಲ್ಲಿತನ ಗೀರಿಕೊಂತ ಬರ್ತಾನ. ಗಿರಣಿ ಈರಣ್ಣ!"

"ಹಿಟ್ಟು ಬೀಸಾಕ ಹೋಗಿದ್ಯೇನೋ?" ಎಂದು ಹುಲಿಗೆಮ್ಮ ಸೇರಿಸುತ್ತಿದ್ದಳು. ಅಣ್ಣ ನಗುತ್ತಾ ತಲೆ ಕೆರೆದುಕೊಳ್ಳುತ್ತಿದ್ದ.

ಗೆಲ್ಲುವ ರೀತಿ ಹೀಗೆ: ಕೂತಲ್ಲಿಂದಲೇ ನಿಮ್ಮ ಗಂಟಿಗೆ ನಿಮ್ಮ ಕೈ ತಾಗಬೇಕು. ದೂರ ನಿಂತರೂ ಸೋತ ಹಾಗೆ, ದಾಟಿ ಹೋದರೂ ಸೋತ ಹಾಗೆ. ಗಂಟು ಹಿಡಿದವರು ಒಂದು ಹೆಜ್ಜೆಯೂ ಅಲ್ಲಾಡಬಾರದು. ಬೀದಿಯಲ್ಲಿ ಮಲಗುವವರಿಗೆ ಗಂಟೇ ಮನೆ. ಬಟ್ಟೆ, ತಟ್ಟೆ, ಯಾರದೋ ಫೋಟೋ, ಆಧಾರ್ ಕಾರ್ಡು ಎಲ್ಲ ಅದರಲ್ಲೇ. ಮಲಗುವಾಗ ತಲೆಯ ಕೆಳಗೆ, ತಿನ್ನುವಾಗ ತೊಡೆಯ ಮೇಲೆ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೆಟ್ಟದ ಬುಡದವರೆಗೆ ನಡೆದು ಹೋಗುವುದೇ ಈ ಆಟದಲ್ಲಿ ದೊಡ್ಡದು ಎಂದು ನನಗೆ ನಿಧಾನವಾಗಿ ತಿಳಿಯಿತು.

"ಗಂಟು ಹಿಡಿಯೋರು ಇಲ್ದಾವ ಗಾಡಿ ಹತ್ತಂಗಿಲ್ಲ" ಎಂದು ಹುಲಿಗೆಮ್ಮ ಹೇಳಿದಳು.

"ಯಾಕವ್ವ?"

"ಕೆಳಗ ಯಾರೂ ನಿಂತಿಲ್ಲ ಅಂದ್ರ ಅವ ಯಾಕ ಬ್ರೇಕ್ ಹಾಕ್ತಾನ ಯವ್ವಾ?"

ಇನ್ನೂ ಒಂದು ಮಾತು ಹೇಳಿದಳು. ಹಿಡಿದ ಗಂಟನ್ನು ನೆಲಕ್ಕೆ ಇಡುವಂತಿಲ್ಲ. ಇಳಿದು ಬಂದವರೇ ಕೈಯಿಂದ ತೆಗೆದುಕೊಳ್ಳಬೇಕು. ಆಮೇಲೆ ನೆಲಕ್ಕಿಡಲಿ, ತಲೆ ಮೇಲಿಡಲಿ.

ಓಣಿಯ ಬಾಯಲ್ಲಿ ತಿಪ್ಪಣ್ಣ ನಿಲ್ಲುತ್ತಿದ್ದ. ಅವನಿಗೆ ಗಾಡಿಯೆಂದರೆ ಭಯ. ಒಮ್ಮೆಯೂ ಹತ್ತಿರಲಿಲ್ಲ. ಆದರೆ ಒಂದು ದಿನವೂ ತಪ್ಪಿಸಿರಲಿಲ್ಲ. ಬೇರಿಂಗಿನ ಸದ್ದಿಗೆ ಕೂಗಿದರೆ ಕೇಳುವುದಿಲ್ಲವೆಂದು ಎರಡು ಬಟ್ಟೆ ಇಟ್ಟುಕೊಂಡಿದ್ದ. ಎರಡೂ ಚಿಂದಿಯಲ್ಲಿ ಸಿಕ್ಕ ಜೀನ್ಸ್ ತುಂಡುಗಳು. ಓಣಿ ಖಾಲಿಯಿದ್ದರೆ ಒಗೆದು ಬಿಳಿಚಿಕೊಂಡ ತುಂಡು ಬೀಸುತ್ತಿದ್ದ, ಬರಬಹುದು ಎಂದು. ಗಾಡಿಯೋ ದನವೋ ಬರುತ್ತಿದ್ದರೆ ಕಡುನೀಲಿ ತುಂಡು, ನಿಲ್ಲು ಎಂದು. ಆ ಕೆಲಸ ಮಾಡುವಾಗ ತಿಪ್ಪಣ್ಣನ ಬೆನ್ನು ನೆಟ್ಟಗಾಗುತ್ತಿತ್ತು. "ಸ್ಟೇಷನ್ ಮಾಸ್ಟರ್ ಬಂದ್ರು, ದಾರಿ ಬಿಡ್ರಿ" ಎಂದು ಕಾಸಿಮಣ್ಣ ಸಲಾಮು ಹೊಡೆಯುತ್ತಿದ್ದರು. ತಿಪ್ಪಣ್ಣ ನಿಜವಾಗಿಯೂ ತಿರುಗಿ ಸಲಾಮು ಹೊಡೆಯುತ್ತಿದ್ದ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಣ್ಣ ತನ್ನ ಗಂಟನ್ನು ಹುಲಿಗೆಮ್ಮನಿಗೆ ಕೊಡದೆ ನನ್ನ ಮುಂದೆ ಹಿಡಿದ.

"ಹಿಡ್ಕೋತೀಯಾ?"

ನನಗೆ ಬೈಯುವುದಿತ್ತು. ಕೈಕಾಲು ಮುರಿದರೆ ಯಾರು ನೋಡುತ್ತಾರೆ, ಇದೆಂಥ ಹುಚ್ಚು ಎಂದೆಲ್ಲ. ಆದರೆ ಕೈ ಚಾಚಿದೆ. ಗಂಟು ಅಷ್ಟು ಹಗುರ ಇರುತ್ತದೆಂದು ಗೊತ್ತಿರಲಿಲ್ಲ. ಅಣ್ಣ ಇಳಿಜಾರು ಹತ್ತಿ ಸಣ್ಣವನಾಗುತ್ತಾ ಹೋದ. ತಿಪ್ಪಣ್ಣ ಬಿಳಿ ಬೀಸಿದ. ಸದ್ದು ಹುಟ್ಟಿತು. ಗಿರಣಿಯ ಹತ್ತಿರ ಚಪ್ಪಲಿ ಕಿರುಗುಟ್ಟಿದ್ದು ಕೇಳಿ ಹುಲಿಗೆಮ್ಮ "ಶುರು ಆತ್ ನೋಡ್ರಿ ಬೀಸೂದು" ಎಂದು ನಕ್ಕಳು. ಅಣ್ಣ ಬಂದ. ಮಾರು ದೂರದಲ್ಲಿ ಗಾಡಿ ನಿಂತಿತು. ಕೈ ತಾಗಲಿಲ್ಲ. ಸೋತ. ಸೋತವನ ಮುಖ ಹಾಗಿರುವುದನ್ನು ನಾನು ಎಲ್ಲೂ ಕಂಡಿಲ್ಲ. ಮದುವೆಯ ದಿನದ ಮುಖ ಅದು.

ಅವತ್ತು ಸೋತ ಅಣ್ಣ ಎಲ್ಲರಿಗೂ ಚಹಾ ಕುಡಿಸಿದ. ಹೋಟೆಲಿನವನು ಇವರಿಗೆ ಬೇರೆ ಲೋಟ ಇಟ್ಟಿದ್ದ. ಆ ಲೋಟದಲ್ಲೇ ನಾನೂ ಕುಡಿದೆ. ಕುಡಿಯುತ್ತಾ ಅಣ್ಣ ನನಗೆ ಮಾತ್ರ ಕೇಳುವಂತೆ ಹೇಳಿದ:

"ಅದ್ರಾಗೆ ಕೂತಾಗ ಮೇಲಿಂದ ಏನೂ ಬೀಳಲ್ಲ ಕಣಮ್ಮ. ಬೀಳೋದಾದ್ರೆ ನಾವೇ."

ಅದಾದ ಮೇಲೆ ಊರಿಗೆ ಹೋಗೋಣವೆಂದು ನಾನು ಪ್ರತಿದಿನ ಕೇಳುವುದನ್ನು ಬಿಟ್ಟೆ. ಬೆಳಗಾಗುತ್ತಲೇ ಕಟ್ಟೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಪೊಲೀಸಿನವರು ಒಮ್ಮೆ ಬಂದು "ಏಯ್, ಲೇವಂಡ್ರಾ, ಪೊಂಡ್ರಾ" ಎಂದು ತೆಲುಗಿನಲ್ಲಿ ಎಬ್ಬಿಸಿ, ಬೆದರಿಸಿ ಹೋದರು. ಮಾರನೇ ದಿನ ಬಿಟ್ಟು ಆಚೆ ದಿನ ಇವರೆಲ್ಲ ಮತ್ತೆ ಸೇರಿದರು. ಒಬ್ಬರ ಮೊಣಕಾಲು ಒಡೆದರೆ ಇನ್ನೊಬ್ಬರು ಅರಿಶಿನ ತರುತ್ತಿದ್ದರು. ಹುಲಿಗೆಮ್ಮನಿಗೆ ಜ್ವರ ಬಂದಾಗ ಅವಳ ಗಂಟನ್ನು ಮೂರು ಜನ ಸರದಿಯ ಮೇಲೆ ತಲೆಯ ಕೆಳಗಿಟ್ಟುಕೊಂಡು ಮಲಗಿದರು. ಹಗಲಲ್ಲಿ ಜನ ಇವರನ್ನು ದಾಟಿಕೊಂಡು ಹೋಗುತ್ತಿದ್ದರು, ಕಂಬವನ್ನೋ ಕಸದ ತೊಟ್ಟಿಯನ್ನೋ ದಾಟಿದ ಹಾಗೆ. ಬೆಳಿಗ್ಗೆ ಆ ಇಳಿಜಾರಿನಲ್ಲಿ ಮಾತ್ರ ಒಬ್ಬೊಬ್ಬರಿಗೂ ಹೆಸರಿತ್ತು, ಅಡ್ಡ ಹೆಸರಿತ್ತು, ಗೆದ್ದದ್ದು ಸೋತದ್ದು ಇತ್ತು.

ಚಿತ್ತೆ ಮಳೆ ಹಿಡಿದುಕೊಂಡಿತು. ರಾಯದುರ್ಗ ಅಂಥ ಮಳೆ ನೋಡುವ ಊರಲ್ಲ. ವಾರವೆಲ್ಲ ಬೆಟ್ಟ ಕಾಣಲಿಲ್ಲ. ಗಾಡಿ ಬಿಡುವ ಹಾಗಿರಲಿಲ್ಲ. ಬೇವಿನ ಮರದ ಕೆಳಗೆ ನೀರು ನಿಂತಿತು. ಅಣ್ಣ ಪ್ಲಾಸ್ಟಿಕ್ ಹಾಳೆ ಹೊದ್ದು ನಮ್ಮ ಕೋಣೆಯ ಮುಂದೆ ಬಂದು ನಿಂತ. ನಾನು ಚಾಪೆ ಹಾಸಿ ಒಲೆಯ ಕಡೆ ತಿರುಗಿ ಕೂತೆ. ತುಂಬ ಹೊತ್ತಾದ ಮೇಲೆ ನೋಡಿದರೆ ಅವನು ಹೊಸ್ತಿಲ ಮೇಲೆ ಮಲಗಿದ್ದ. ಕಾಲು ಒಳಗೆ, ತಲೆ ಹೊರಗೆ. ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಳೆ ಪಟಪಟ ಬೀಳುತ್ತಿತ್ತು. ಒದ್ದೆಯಾದ ಅವನ ಕಾಲನ್ನು ನನ್ನ ಸೆರಗಿನಿಂದ ಒರೆಸಿದೆ. ಎಳೆದುಕೊಳ್ಳಲಿಲ್ಲ. ಆ ವಾರ ಅವನು ಹಾಗೆಯೇ ಮಲಗಿದ. ಅರ್ಧ ಮನುಷ್ಯ ಒಳಗೆ ಬಂದನಲ್ಲ, ಉಳಿದರ್ಧ ಬಾರದೆ ಎಲ್ಲಿ ಹೋಗುತ್ತಾನೆ ಎಂದುಕೊಂಡೆ.

ಮಳೆ ಬಿಟ್ಟ ಬೆಳಿಗ್ಗೆ ಎಲ್ಲರಿಗೂ ಹಬ್ಬ. ರಸ್ತೆ ತೊಳೆದಿಟ್ಟ ಹಾಗಿತ್ತು. ಹುಲಿಗೆಮ್ಮ ಬೇರಿಂಗುಗಳಿಗೆ ಎಣ್ಣೆ ಬಿಟ್ಟಳು. ಅವಳು ಮೊದಲು ಇಳಿದಳು. ಆಮೇಲೆ ಅಣ್ಣ ಗಂಟನ್ನು ನನ್ನ ಕೈಯಲ್ಲಿಟ್ಟು, ಅದರ ಮೇಲೆ ಒಂದು ಸಲ ತಟ್ಟಿ, ಹತ್ತಿ ಹೋದ.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಸದ್ದು ಹುಟ್ಟಿತು. ಓಣಿಯ ಬಾಯಲ್ಲಿ ತಿಪ್ಪಣ್ಣ ಒಳಕ್ಕೆ ನೋಡಿ, ಗಾಬರಿಯಾಗಿ ಒಂದು ಬಟ್ಟೆ ಬೀಸತೊಡಗಿದ. ಅವನ ತೋಳು ಕಿತ್ತುಹೋಗುವ ಹಾಗೆ ಬೀಸುತ್ತಿದ್ದ. ಬೂದಿಯ ಬಣ್ಣದ ಬಟ್ಟೆ. ಸದ್ದು ನಿಲ್ಲಲಿಲ್ಲ. ಓಣಿಯಿಂದ ನೀರಿನ ಟ್ಯಾಂಕರ್ ಹಿಮ್ಮುಖವಾಗಿ ರಸ್ತೆಗೆ ಬಂತು. ಸದ್ದು ನಿಂತಿತು.

ಎಲ್ಲರೂ ಓಡಿದರು. ನಾನೂ ಓಡಿದೆನಂತೆ. ಗಂಟನ್ನು ಎದೆಗೊತ್ತಿಕೊಂಡೇ ಓಡಿದೆನಂತೆ. ಮಗುಚಿ ಬಿದ್ದ ಗಾಡಿಯ ಒಂದು ಬೇರಿಂಗ್ ಇನ್ನೂ ತಿರುಗುತ್ತಿದ್ದದ್ದು ಮಾತ್ರ ನೆನಪಿದೆ. ಅಣ್ಣ ಮಾತಾಡಲಿಲ್ಲ. ಮೇಲೆ ಬರೀ ಆಕಾಶವಿತ್ತು.

"ನಾ ನೀಲಿನೇ ಬೀಸಿದ್ನಲ್ರೀ" ಎಂದು ತಿಪ್ಪಣ್ಣ ಬಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋಗುತ್ತಿದ್ದ. "ನೋಡ್ರಿ, ನೀಲಿ ಐತಲ್ರೀ? ನೀಲಿನೇ ಬೀಸೀನಲ್ರೀ?"

ಅವನ ಕೈಯಲ್ಲಿದ್ದದ್ದು ನೀಲಿಯ ತುಂಡೇ. ಆದರೆ ಅದರಲ್ಲಿ ನೀಲಿ ಉಳಿದಿರಲಿಲ್ಲ. ಆ ವಾರ ಪೂರ್ತಿ ಅದು ಓಣಿಯ ಮೂಲೆಯ ಕಾಂಪೌಂಡ್ ಗೋಡೆಯ ಮೇಲೆ ಮಳೆಯಲ್ಲಿ ನೆನೆದಿತ್ತು. ಒಗೆಯದ ಜೀನ್ಸು. ಗೋಡೆಯ ಸುಣ್ಣದ ಮೇಲೆ ಉದ್ದಕ್ಕೂ ನೀಲಿ ಇಳಿದಿತ್ತು. ಬಟ್ಟೆಯ ಬಣ್ಣವೆಲ್ಲ ಗೋಡೆಗೆ ಹೋಗಿತ್ತು. ದಿನಾ ನೋಡುತ್ತಿದ್ದ ತಿಪ್ಪಣ್ಣನಿಗೆ ಅದು ಈಗಲೂ ನೀಲಿಯೇ. ಆ ಊರಿನಲ್ಲಿ ಕೈ ನೀಲಿಯಾಗದವರು ಯಾರೂ ಇಲ್ಲ. ಬಣ್ಣ ಬಿಡುತ್ತದೆಂದು ಎಲ್ಲರಿಗೂ ಗೊತ್ತು. ಆ ತುಂಡು ಬಿಡುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಊರಿಗೆ ತಂದು ಮಣ್ಣು ಮಾಡಿದೆವು. ಬಂದ ನೆಂಟರು ಅಂಗಳದಲ್ಲಿ ಕೂತು, ಅವನು ಸಾಯಲೆಂದೇ ಹೋದವನು, ಹೆಂಡತಿ ಹೋದಾಗಲೇ ಹೋಗಿದ್ದ, ಬಟ್ಟೆ ಬೀಸಿದರೂ ನಿಲ್ಲಲಿಲ್ಲವಂತೆ ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ. ನೀಲಿಯನ್ನು ನೀಲಿಯೆಂದೇ ಕಂಡು, ಆದರೂ ಬಂದನೇ? ಮಿಷನ್ ತುಳಿಯುವಾಗ, ಗುಂಡಿ ಹಾಕುವಾಗ, ಯಾರದೋ ಮದುವೆಯ ರವಿಕೆಗೆ ಅಳತೆ ತೆಗೆಯುವಾಗ ಆ ಸದ್ದು ಹುಟ್ಟುತ್ತಿತ್ತು. ಪ್ರತಿ ಸಲವೂ ಟ್ಯಾಂಕರ್‌ವರೆಗೆ ಬಂದು ನಿಲ್ಲುತ್ತಿತ್ತು. ಪ್ರತಿ ಸಲವೂ ನಾನು ಅದೇ ಕೇಳುತ್ತಿದ್ದೆ. ಗಂಟು ಮೊಳೆಯಲ್ಲಿ ತೂಗುತ್ತಿತ್ತು. ನೆಲಕ್ಕೆ ಹೇಗೆ ಇಡಲಿ, ತೆಗೆದುಕೊಳ್ಳುವವನು ಬಂದಿಲ್ಲವಲ್ಲ.

ಈಗ ಅದೇ ಗಂಟಿನೊಡನೆ ರಾಯದುರ್ಗದಲ್ಲಿಳಿದಾಗ ಸಂಜೆಯಾಗಿತ್ತು. ಹಳೆಯ ಯೂನಿಟ್ಟಿನ ಗೆಳತಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಎದ್ದು ಇಳಿಜಾರಿನ ಕಡೆ ಹೋದೆ. ಗಿರಣಿಯ ಮೇಲ್ಗಡೆ ರಸ್ತೆಗೆ ಎರಡು ಉಬ್ಬು ಹಾಕಿದ್ದರು. ಗೋಡೆಯ ಮೇಲೆ ನೀಲಿಯ ಗೀರುಗಳು ಇನ್ನೂ ಇದ್ದವು, ಮಾಸಿ, ನರಗಳ ಹಾಗೆ. ಕಲ್ಲಿನ ಕಟ್ಟೆಯ ಪಕ್ಕ ಕಾಸಿಮಣ್ಣ ತಮ್ಮ ಹಲಗೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ನನ್ನನ್ನು ನೋಡಿ ಬೀಡಿ ಆರಿಸಿದರು.

"ಬರ್ರಿ ತಂಗಿ" ಎಂದರು. ಗಂಟನ್ನು ನೋಡಿದರು. "ಇನ್ನೂ ಹಿಡಕೊಂಡೇ ಇದ್ದೀರೇನು?"

ಬೇರೆಯವರನ್ನು ಕೇಳಿದೆ. ಗಾಡಿಯನ್ನು ಪೊಲೀಸರು ಒಯ್ದರು. ಹುಲಿಗೆಮ್ಮ ಚಳಿಗಾಲದಲ್ಲಿ ಹೋದಳು, ಮಲಗಿದಲ್ಲೇ. ಅವಳ ಗಂಟನ್ನು ಅವಳ ಜೊತೆಗೇ ಮಣ್ಣಿಗೆ ಹಾಕಿದೆವು ಎಂದರು. ತಿಪ್ಪಣ್ಣ ನೇಮಕಲ್ಲಿನ ಆಂಜನೇಯನ ಗುಡಿಯ ಹತ್ತಿರ ಇದ್ದಾನಂತೆ.

"ಬಂದ ಭಕ್ತರಿಗೆಲ್ಲ ಬಟ್ಟಿ ತೋರ್ಸಿ, ಇದು ಯಾವ ಬಣ್ಣ ಅಂತ ಕೇಳ್ತಾನಂತ್ರಿ."

"ಏನಂತಾರೆ?"

"ಒಬ್ಬೊಬ್ರು ಒಂದೊಂದು ಅಂತಾರ."

ನಾನು ಕಟ್ಟೆಯ ಮೇಲೆ ಕೂತೆ. ಒಂದು ವರ್ಷದಿಂದ ಯಾರನ್ನೂ ಕೇಳದಿದ್ದುದನ್ನು ಕೇಳಿದೆ. "ಕಾಸಿಮಣ್ಣ, ನಮ್ಮಣ್ಣ ನೀಲಿ ಕಂಡೂ ಬಂದ್ನಾ? ಸಾಯಾಕೇ ಬಂದ್ನಾ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಯಾರಂದ್ರು ಹಂಗ?"

"ಊರಾಗೆ ಎಲ್ರೂ."

"ಊರಿನವ್ರು ಇದ್ರೇನು ಇಲ್ಲಿ?" ಎಂದು ಹಲಗೆಯನ್ನು ನನ್ನ ಹತ್ತಿರಕ್ಕೆ ನೂಕಿಕೊಂಡು ಬಂದರು. "ತಂಗಿ, ನಾ ನೆಲಕ್ಕ ಹತ್ರ ಇರಾವ. ಅವತ್ತ ನೀವೆಲ್ಲ ರಕ್ತ ನೋಡಿದ್ರಿ. ನಾ ಗೀರು ನೋಡಿದೆ. ಚಪ್ಪಲಿ ರಬ್ಬರಿನ ಗೀರು, ಕರ್ರಗ. ಅದು ಎಲ್ಲಿಂದ ಶುರು ಆಗಿತ್ತು ಗೊತ್ತೇನು?"

ನಾನು ಇಳಿಜಾರಿನ ಕಡೆ ನೋಡಿದೆ.

"ಗಿರಣಿ ಮುಂದಿಂದ್ರಿ. ನಿತ್ಯ ಹೆಂಗೋ ಹಂಗ. ಟ್ಯಾಂಕರ್ ಇನ್ನೂ ಓಣಿ ಒಳಗಿತ್ತು, ಅವಾಗ್ಲೇ ಚಪ್ಪಲಿ ಊರ್ಯಾನ. ಯಾವ ಬಣ್ಣ ಕಂಡಿತ್ತೋ ಆ ದೇವರಿಗೇ ಗೊತ್ತು. ಇಲ್ಲಿ ಬಂದು ನಿಂದ್ರಾಕ ನೋಡಿದ್ದ ಅನ್ನೋದು ನನಗ ಗೊತ್ತು. ಸಾಯಾವ ಗಿರಣಿ ಹತ್ರ ಬ್ರೇಕ್ ಹಾಕ್ತಾನೇನ್ರಿ?"

"ತಿಪ್ಪಣ್ಣಂಗೆ ಹೇಳಿದ್ರಾ ಇದನ್ನ?"

"ಹೇಳೀನಿ. ಅವ ಮತ್ತ ಬಟ್ಟಿ ಬಣ್ಣನೇ ಕೇಳ್ತಾನ."

ಎಷ್ಟು ಹೊತ್ತು ಅತ್ತೆನೋ ತಿಳಿಯದು. ಕಾಸಿಮಣ್ಣ ಕೊನೆಗೆ ಎರಡೂ ಕೈ ಚಾಚಿದರು.

"ಆ ಗಂಟು ಇಲ್ಲಿ ಕೊಡ್ರಿ. ಹಂಗ ನೆಲಕ್ಕಿಡಾಕ ಬರಂಗಿಲ್ಲ, ನಿಮಗೂ ಗೊತ್ತೈತಿ. ಯಾರರ ಇಳಿದು ಬಂದು ತಗೋಬೇಕು. ನನ್ನ ಭುಜ ಹೋಗೇತಿ, ಮ್ಯಾಲೆ ಹತ್ತಾಕಾಗಲ್ಲ. ಇನ್ನ ಉಳಿದಾಕಿ ನೀವೇ."

"ನಾನಾ? ಗಾಡಿ ಎಲ್ಲೈತೆ?"

ಅವರು ಕಟ್ಟೆಯ ಅಂಚು ಹಿಡಿದು, ತೋಳಿನ ಬಲದಿಂದ ದೇಹವನ್ನೆತ್ತಿ ಕಲ್ಲಿನ ಮೇಲೆ ಕೂತರು. ಖಾಲಿಯಾದ ಹಲಗೆಯನ್ನು ನನ್ನ ಕಡೆ ನೂಕಿದರು. "ಗಿರಣಿತನ ಹೋಗ್ರಿ ಸಾಕು. ಉಬ್ಬಿನ ಈಚೆ. ಇದನ್ನ ಕೊಟ್ರ ನಾ ಇಲ್ಲಿಂದ ಅಲ್ಲಾಡಂಗಿಲ್ಲ, ನೆನಪಿರ್ಲಿ. ಬರಾಕೇ ಬೇಕು ನೀವು."

ಗಂಟನ್ನು ಅವರ ಕೈಯಲ್ಲಿಟ್ಟೆ. ನನಗೇ ತಿಳಿಯದಂತೆ ಅದರ ಮೇಲೆ ಒಂದು ಸಲ ತಟ್ಟಿದೆ. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದೆ. ಓಣಿಯೊಳಗೆ ನೋಡಿದೆ. ಯಾರೂ ಇರಲಿಲ್ಲ. ಗಿರಣಿಯ ಮುಂದೆ ಹಲಗೆಯನ್ನು ನೆಲಕ್ಕಿಟ್ಟು, ಸೀರೆ ಒತ್ತಿಕೊಂಡು ಕೂತೆ. ನಲವತ್ತು ದಾಟಿದ ಹೆಂಗಸು, ಯಾರಾದರೂ ನೋಡಿದರೆ ಏನೆಂದಾರು ಎಂದೂ ಅನ್ನಿಸಿತು. ಕೈಯಿಂದ ನೆಲವನ್ನು ಹಿಂದಕ್ಕೆ ನೂಕಿದೆ.

ಆ ಸದ್ದನ್ನು ನಾನು ಯಾವಾಗಲೂ ಕೆಳಗಿನಿಂದ ಕೇಳಿದ್ದೆ. ಮೇಲೆ ಕೂತರೆ ಅದು ಸದ್ದಲ್ಲ. ಹಲ್ಲಿನಲ್ಲಿ, ಬೆನ್ನಿನ ಮೂಳೆಯಲ್ಲಿ, ಕಣ್ಣಿನ ಹಿಂದೆ ನಡುಗುವ ಏನೋ ಒಂದು. ಗಾಳಿ ಬಾಯೊಳಗೆ ನುಗ್ಗಿತು. ನೀಲಿ ಗೀರುಗಳ ಗೋಡೆ ಪಕ್ಕಕ್ಕೆ ಹರಿದುಹೋಯಿತು. ಟ್ಯಾಂಕರ್ ನಿಂತಿದ್ದ ಜಾಗದ ಮೇಲೆ ಹೋದೆ. ಒಂದು ವರ್ಷದಿಂದ ಅಲ್ಲಿಗೇ ಬಂದು ನಿಲ್ಲುತ್ತಿದ್ದ ಸದ್ದು ನಿಲ್ಲದೆ ಮುಂದಕ್ಕೆ ಹೋಯಿತು. ನೋಡಿದರೆ, ಅಷ್ಟು ಕೆಳಗಿನಿಂದ ಇಡೀ ಬೀದಿಯಲ್ಲಿ ಕಣ್ಣಿಗೆ ಬೀಳುವುದು ಒಂದೇ: ಕಟ್ಟೆಯ ಮೇಲೆ ಎದೆಗೊತ್ತಿ ಹಿಡಿದ ಒಂದು ಗಂಟು, ಅದನ್ನು ಹಿಡಿದ ಎರಡು ಕೈ. ಅವು ದೊಡ್ಡವಾಗುತ್ತಾ ಬಂದವು. ನಾನು ಅವನಿಗೆ ಹೀಗೇ ಕಂಡಿದ್ದೆ.

ನನ್ನ ಕಾಲು ನನ್ನನ್ನು ಕೇಳಲಿಲ್ಲ. ಚಪ್ಪಲಿ ನೆಲಕ್ಕೊತ್ತಿತು.

ಹಲಗೆ ಕಟ್ಟೆಯ ಮುಂದೆ ನಿಂತಾಗ ಕೂತಲ್ಲಿಂದಲೇ ಕೈ ಚಾಚಿದೆ. ಒಂದು ಗೇಣು ದೂರ ಉಳಿಯಿತು.

"ತಾಗ್ಲಿಲ್ಲ" ಎಂದರು ಕಾಸಿಮಣ್ಣ. ಅವರ ಕಣ್ಣು ಒದ್ದೆಯಾಗಿತ್ತು. "ಅವಸರಕ್ಕ ಊರಿದ್ರಿ. ಗಿರಣಿ ಈರಣ್ಣನ ತಂಗಿನೇ ಬಿಡ್ರಿ."

ಎದ್ದು ಹೋಗಿ ಗಂಟನ್ನು ಅವರ ಕೈಯಿಂದ ತೆಗೆದುಕೊಂಡೆ. ಬಗ್ಗಿ ನೆಲದ ಮೇಲಿಟ್ಟೆ. ಕೈ ಎಷ್ಟು ಖಾಲಿಯೆನಿಸಿತೆಂದರೆ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದುಕೊಂಡು ನಿಂತೆ.

"ಇನ್ನ ನನ್ನ ಕಾಲು ಕೊಡ್ರಿ ತಂಗಿ" ಎಂದರು ಅವರು. "ಚಾ ಕುಡಿಯಾಕ ಹೋಗಾನ. ಸೋತೋರು ನೀವು."

ಹಲಗೆಯನ್ನು ಕಟ್ಟೆಯ ಹತ್ತಿರಕ್ಕೆ ಎಳೆದೆ. ಎರಡೂ ಕೈಯನ್ನು ಅವರ ಕಂಕುಳ ಕೆಳಗಿಟ್ಟು, ಎತ್ತಿ, ಮೆಲ್ಲಗೆ ಅದರ ಮೇಲೆ ಕೂರಿಸಿದೆ.